ಯಾವ ಬರ್ತೀನಿ

ಕಮ್ಮಾರನ ಕುಲುಮೆಯಿಂದ ಹೊರಡುವಾಗ ಅಣ್ಣ ಅಂದದ್ದು ಇಷ್ಟೇ: "ಸರಿ, ಬರ್ತೀನಿ."

ಹನ್ನೊಂದು ವರ್ಷದ ಮೇಲೆ ತಮ್ಮ ಚಿಕ್ಕಗೋಡೆಯ ಕಿವಿಗೆ ಬಿದ್ದ ಅಣ್ಣನ ದನಿ ಅದು. ಅಣ್ಣ ಹದ ಹಾಕಿಸಿಕೊಂಡ ಉಳಿಗಳನ್ನು ಗೋಣಿಚೂರಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲಿನ ಚೌಕಟ್ಟು ತಲೆಗೆ ತಾಗದಂತೆ ಬಗ್ಗಿ ಹೊರಗಿನ ಬಿಸಿಲಿಗೆ ಇಳಿದುಬಿಟ್ಟ. ಚಿಕ್ಕಗೋಡೆ ತಲೆ ಎತ್ತುವಷ್ಟರಲ್ಲಿ ಕಂಡದ್ದು ಬೆನ್ನು ಮಾತ್ರ. ತಿದಿ ಬುಸುಗುಡುತ್ತಿತ್ತು. ಕಮ್ಮಾರ ಏನೋ ಅಂದ. ಚಿಕ್ಕಗೋಡೆಗೆ ಅದು ಕೇಳಿಸಲಿಲ್ಲ. ಅಣ್ಣ ಬರುತ್ತಾನೆ ಅನ್ನುವುದೊಂದೇ ಅವನ ತಲೆಯಲ್ಲಿ ಕೂತಿತ್ತು. ಮನೆ ಮುಟ್ಟುವವರೆಗೂ ಅವನಿಗೆ ಅದರ ಬಗ್ಗೆ ಕೂದಲೆಳೆಯಷ್ಟೂ ಸಂಶಯ ಇರಲಿಲ್ಲ.

ಅಣ್ಣತಮ್ಮಂದಿರಿಬ್ಬರದೂ ಗೋಡೆ ಕಟ್ಟುವ ಕೆಲಸ. ಮನೆಯ ಗೋಡೆಯಲ್ಲ, ಹೊಲದ ಸುತ್ತಿನ ಗೋಡೆ, ಕುರಿಹಟ್ಟಿಯ ಗೋಡೆ, ಇಳಿಜಾರಿನಲ್ಲಿ ಮಣ್ಣು ಜಾರದಂತೆ ತಡೆಯುವ ಗೋಡೆ. ಗಾರೆ ಇಲ್ಲ, ಮಣ್ಣೂ ಇಲ್ಲ, ಕಲ್ಲಿನ ಮೇಲೆ ಕಲ್ಲು ಅಷ್ಟೇ. ಊರಿನವರು ಅಣ್ಣನನ್ನು ದೊಡ್ಡಗೋಡೆ, ತಮ್ಮನನ್ನು ಚಿಕ್ಕಗೋಡೆ ಅಂತ ಕರೆಯುತ್ತ ಬಂದು, ಕೊನೆಗೆ ಅವರ ಹೆಂಡತಿಯರಿಗೂ ಗಂಡಂದಿರ ನಿಜವಾದ ಹೆಸರು ಬಾಯಿಗೆ ಬರದಂತೆ ಆಗಿತ್ತು. ಇಂಥ ಗೋಡೆಗೆ ಎರಡು ಮೈ ಇರುತ್ತದೆ. ಆ ಕಡೆ ಒಬ್ಬ, ಈ ಕಡೆ ಒಬ್ಬ ನಿಂತು ಕಟ್ಟಬೇಕು. ನಡುವಿನ ಜಾಗಕ್ಕೆ ಚೂರುಗಲ್ಲು ತುಂಬಬೇಕು. ಮೊಣಕಾಲೆತ್ತರಕ್ಕೊಂದು, ಎದೆಮಟ್ಟಕ್ಕೊಂದು ಉದ್ದನೆಯ ಕಲ್ಲನ್ನು ಎರಡು ಮೈಗೂ ಸೇರುವಂತೆ ಅಡ್ಡಕ್ಕೆ ಮಲಗಿಸಬೇಕು. ಆ ಕಲ್ಲನ್ನು ಮಾತ್ರ ಇಬ್ಬರೂ ಸೇರಿಯೇ ಎತ್ತುವುದು. ಉಳಿದ ಹೊತ್ತಿನಲ್ಲಿ ಮಾತು ಬೇಕಾಗುವುದಿಲ್ಲ. ಆ ಕಡೆಯವನು ಯಾವ ಕಲ್ಲು ಇಟ್ಟ ಅನ್ನುವುದು ಸದ್ದಿನಿಂದಲೇ ಈ ಕಡೆಯವನಿಗೆ ಗೊತ್ತಾಗುತ್ತದೆ.

ಹನ್ನೊಂದು ವರ್ಷದ ಹಿಂದೆ, ದೊಡ್ಡ ಮಳೆಯೊಂದು ಹೊಡೆದ ಮಾರನೆಯ ಬೆಳಿಗ್ಗೆ, ಅವರಿಬ್ಬರೂ ಕಟ್ಟಿದ್ದ ಶಾಲೆಯ ಹಿಂದಿನ ಗೋಡೆ ಹತ್ತು ಮಾರಿನಷ್ಟು ಕುಸಿದು ಬಿದ್ದಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ರಾಶಿಯ ಮೇಲೆ ನಿಂತು ಚಿಕ್ಕಗೋಡೆ ಒಂದು ಮಾತು ಕೇಳಿದ್ದ: "ಅಣ್ಣ, ಈ ಅಡಿಗಲ್ಲು ನೀನು ನೋಡೇ ಇಟ್ಟಿದ್ದಾ?"

ಬರೀ ಪ್ರಶ್ನೆ ಅದು. ಹಾಗಂತ ಅವನು ಇವತ್ತಿಗೂ ಅಂದುಕೊಳ್ಳುತ್ತಾನೆ. ಅಣ್ಣನ ಮುಖ ಮಾತ್ರ ಬಿಳುಚಿಕೊಂಡಿತು. "ಕೇಳ್ತೀಯಾ? ನನ್ನನ್ನ ಕೇಳ್ತೀಯಾ?" ಅಂದವನೇ ಹಾರೆ ಎತ್ತಿಕೊಂಡ. "ಹೋಗ್ತೀನಿ" ಅಂದ.

ಮನೆಯಿಂದಾಗಲಿ ಕೆಲಸದಿಂದಾಗಲಿ ಹೊರಡುವವರು ಯಾರೂ ಆ ಮಾತು ಆಡುವುದಿಲ್ಲ. ಪೇಟೆಗೆ ಹೊರಟವನು ಬರ್ತೀನಿ ಅನ್ನುತ್ತಾನೆ. ನೀರಿಗೆ ಹೊರಟವಳು ಬರ್ತೀನಿ ಅನ್ನುತ್ತಾಳೆ. ಹೋಗ್ತೀನಿ ಅಂದವನು ಹೋದ ಹಾಗೆಯೇ. ಅಣ್ಣ ಹಾಗೆಯೇ ಹೋದ. ಆಮೇಲೆ ಅವನು ಮೂಡಣ ಇಳಿಜಾರಿನ ಹೊಲಗಳ ಕಡೆ ಒಬ್ಬನೇ ಕೆಲಸ ಹಿಡಿದ. ಚಿಕ್ಕಗೋಡೆ ಪಡುವಣಕ್ಕೆ ಉಳಿದ. ಆ ಕಡೆ ನಿಲ್ಲುವವರಿಲ್ಲದೆ ಅವನು ಸಿಮೆಂಟಿಗೆ ಕೈ ಹಾಕಿದ. ಇನ್ನು ಮುಂದೆ ಅಣ್ಣನನ್ನು ಏನನ್ನೂ ಕೇಳುವುದಿಲ್ಲ ಅಂತ ಆವತ್ತೇ ಮನಸ್ಸಿನಲ್ಲಿ ಗೆರೆ ಎಳೆದುಕೊಂಡಿದ್ದ.

ಅಂಥವನು ಕುಲುಮೆಯಲ್ಲಿ ಬಾಯಿ ಬಿಟ್ಟದ್ದು ಒಂದು ಚಿತ್ರದ ದೆಸೆಯಿಂದ. ಶಾಲೆಯಿಂದ ನಿವೃತ್ತಿಯಾಗಿದ್ದ ಭೂಗೋಳದ ಮೇಡಂ ಅಂಚೆ ಕಚೇರಿಯ ಹಲಗೆಗೆ ಒಂದು ಕಾಗದ ಅಂಟಿಸಿದ್ದರು. 'ಎತ್ತರದ ಬೆಟ್ಟಗಳ ನಡುವೆ ಪುರಾತನ ಹಾಳೂರು: ಒಂಬತ್ತು ದಿನಗಳ ಪ್ರವಾಸ' ಅಂತ ಮೇಲೆ ಬರೆದಿತ್ತು. ಕೆಳಗೊಂದು ಗೋಡೆಯ ಚಿತ್ರ. ಒಂದೊಂದು ಕಲ್ಲೂ ಎಮ್ಮೆಯಷ್ಟು. ನಡುವೆ ಒಂಬತ್ತು ಮೂಲೆಯ ಒಂದು ಕಲ್ಲು, ಅದರ ಸುತ್ತ ಎಂಟು ಕಲ್ಲು, ಎಲ್ಲೂ ಬೆರಳುಗುರು ತೂರುವಷ್ಟೂ ಸಂದಿಲ್ಲ. ಚಿಕ್ಕಗೋಡೆ ಅಂಚೆಚೀಟಿ ತರಲು ಹೋದವನು ಚೀಟಿಯನ್ನು ಮರೆತು ಅರ್ಧ ಗಂಟೆ ನಿಂತ. ಇದೇ ಗೋಡೆಯ ಚಿತ್ರ ಅಪ್ಪನ ಕೆಲಸದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿತ್ತು, ಯಾವುದೋ ಹಳೆಯ ಕ್ಯಾಲೆಂಡರಿನ ಹಾಳೆ. "ಒಂದಿನ ಇಬ್ಬರನ್ನೂ ಕರ್ಕೊಂಡು ಹೋಗಿ ತೋರಿಸ್ತೀನಿ ಕಣ್ರೋ" ಅನ್ನುತ್ತಿದ್ದ ಅಪ್ಪ, ತಾಲ್ಲೂಕಿನ ಆಚೆ ಕಾಲಿಟ್ಟವನಲ್ಲ. ಇದೇನಾ ಅದು? ಇದೇ ಇರಬೇಕು. ಮೂಲೆಗಳು ಎಂಟಿದ್ದವೋ ಒಂಬತ್ತಿದ್ದವೋ? ಪೆಟ್ಟಿಗೆ ಅಣ್ಣನ ಹತ್ತಿರ ಇತ್ತು.

ಹೀಗಾಗಿ ಭಾನುವಾರ ಕುಲುಮೆಯಲ್ಲಿ ಇಬ್ಬರೂ ಅಕಸ್ಮಾತ್ತಾಗಿ ಒಂದೇ ಬೆಂಕಿಯ ಮುಂದೆ ಸೇರಿದಾಗ, ಚಿಕ್ಕಗೋಡೆ ಕೈಯಲ್ಲಿದ್ದ ಉಳಿಯನ್ನೇ ನೋಡುತ್ತ ಹೇಳಿದ್ದ: "ಮೇಡಂ ಒಂದು ಟ್ರಿಪ್ಪು ಹಾಕಿದಾರೆ. ಅಪ್ಪನ ಪೆಟ್ಟಿಗೆಯ ಗೋಡೆ ಅಲ್ಲಿರೋ ಹಾಗಿದೆ. ಎರಡು ಜಾಗ ಖಾಲಿ ಇದೆಯಂತೆ."

ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಅಂದ ಮಾತೇ ಅದು: ಸರಿ, ಬರ್ತೀನಿ.

ಮನೆಗೆ ಬಂದವನು ಹೆಂಡತಿಗೆ ಸುದ್ದಿ ಹೇಳಿದ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಹಾಳೂರು ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ಅಂದಳು. "ನಮ್ಮ ಹಿತ್ತಲ ಗೋಡೆ ನೋಡಿ, ಮೂರು ವರ್ಷದಿಂದ ಹಾಳಾಗೇ ಇದೆ. ಬೇಕಾದ್ರೆ ಒಂದು ಬೋರ್ಡು ಹಾಕೋಣ, ಜನ ಬರ್ತಾರೆ."

"ಅಣ್ಣಾನೂ ಬರ್ತಾನೆ ಕಣೇ."

ಅವಳ ಕೈ ನಿಂತಿತು. "ಭಾವ ಬರ್ತಾರಾ? ಅವರೇ ಹೇಳಿದ್ರಾ?"

"ಹ್ಞೂಂ. ಬರ್ತೀನಿ ಅಂದ."

"ಅಂದು?"

"ಅಂದು ಹೊರಟ."

ಅವಳು ಹಿಂಡಿದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವನನ್ನೇ ನೋಡಿದಳು. "ರೀ, ಹೊರಡೋರು ಎಲ್ಲರೂ ಬರ್ತೀನಿ ಅಂತಲೇ ಅಲ್ವಾ ಹೇಳೋದು?"

ಇದು ಚಿಕ್ಕಗೋಡೆಗೆ ಹೊಳೆದೇ ಇರಲಿಲ್ಲ.

"ಸರಿಯಾಗಿ ಜ್ಞಾಪಿಸ್ಕೊಳ್ಳಿ. ಚಪ್ಪಲಿ ಹಾಕ್ಕೊಂಡ ಮೇಲೆ ಹೇಳಿದ್ರಾ, ಹಾಕ್ಕೊಳ್ಳೋಕೆ ಮುಂಚೆ ಹೇಳಿದ್ರಾ?"

"ಅದ್ರಿಂದ ಏನಾಗುತ್ತೆ?"

"ಹಾಕ್ಕೊಂಡ ಮೇಲೆ ಹೇಳಿದ್ರೆ ಹೊರಡೋ ಬರ್ತೀನಿ. ಮುಂಚೆ ಹೇಳಿದ್ರೆ ನಿಮ್ಮ ಮಾತಿಗೆ ಉತ್ತರ."

ಅವನು ಕಣ್ಣು ಮುಚ್ಚಿ ನೆನಪಿಸಿಕೊಂಡ. ಉಳಿಯ ತುದಿ ನೆನಪಾಯಿತು. ಕೆಂಡ ನೆನಪಾಯಿತು. ಅಣ್ಣನ ಹಿಮ್ಮಡಿಯ ಬಿರುಕು ಕೂಡ ನೆನಪಾಯಿತು, ಆದರೆ ಹಿಮ್ಮಡಿಯ ಕೆಳಗೆ ಚಪ್ಪಲಿ ಇತ್ತೋ ಇಲ್ಲವೋ ಅನ್ನುವುದು ಮಾತ್ರ ಬರಲೊಲ್ಲದು.

"ಹೋಗಿ ಕೇಳ್ಬಿಡಿ ಮತ್ತೆ."

"ಕೇಳಲ್ಲ."

ಅವಳು ಒತ್ತಾಯ ಮಾಡಲಿಲ್ಲ. ಯಾಕೆ ಅಂತ ಅವಳಿಗೂ ಗೊತ್ತಿತ್ತು. ನಿಜವಾಗಿ ಬರ್ತೀನಿ ಅಂದಿದ್ದರೆ, ಮತ್ತೆ ಕೇಳುವುದೆಂದರೆ ಅಣ್ಣನ ಮಾತನ್ನು ನಂಬಲಿಲ್ಲ ಅಂತ ಆಗುತ್ತದೆ, ಅದೇ ಹಳೆಯ ಅಡಿಗಲ್ಲಿನ ಕಥೆ. ಬರೀ ಹೊರಡುವ ಮಾತಾಗಿದ್ದರೆ, ಕೇಳಿದ ಕೂಡಲೇ ಇಲ್ಲ ಅನ್ನುತ್ತಾನೆ. ಹನ್ನೊಂದು ವರ್ಷಕ್ಕೆ ಬಂದ ಒಂದು ಮಾತೂ ಕೈಬಿಟ್ಟು ಹೋಗುತ್ತದೆ. ಕೇಳದೆ ಇದ್ದರೆ ಅದಾದರೂ ಉಳಿಯುತ್ತದೆ. ಆದರೆ ಎಷ್ಟು ದಿನ? ಮೇಡಂ ಪಟ್ಟಿ ಮುಗಿಸುವುದು ಶುಕ್ರವಾರ ಸಂಜೆಗೆ.

ಸೋಮವಾರ ಕೆಲಸಕ್ಕೆ ಹೋಗುವ ಮುಂಚೆ ಅವನು ಕುಲುಮೆಗೆ ಹೋದ. ಕಮ್ಮಾರ ಕುದುರೆಯ ಲಾಳವೊಂದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸುತ್ತಿದ್ದ.

"ನಿನ್ನೆ ನಮ್ಮಣ್ಣ ಹೊರಡುವಾಗ ಬರ್ತೀನಿ ಅಂದ್ನಲ್ಲ, ಅದು ಯಾರಿಗೆ ಹೇಳಿದ್ದು?"

"ನನಗೆ."

"ನಿನಗೇ ಅಂತ ಹೇಗೆ ಗೊತ್ತು?"

"ನನ್ನ ಅಂಗಡಿ, ನನ್ನ ಬೆಂಕಿ, ನನಗಲ್ದೆ ನನ್ನ ತಿದಿಗೆ ಹೇಳ್ತಾನಾ? ನಾನೂ ಬನ್ನಿ ಅಂದೆ."

"ಬನ್ನಿ ಅಂದ್ರೆ, ಹೋಗಿ ಅಂತಾನಾ?"

ಕಮ್ಮಾರ ಲಾಳವನ್ನು ಬೆಂಕಿಯಿಂದ ಹೊರತೆಗೆದು, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮಾರಾಯ, ಬೆಳಿಗ್ಗೇನೇ ಏನಾಗಿದೆ ನಿನಗೆ? ಬನ್ನಿ ಅಂದ್ರೆ ಹೋಗಿ ಅಂತ ಅಲ್ದೆ ಮತ್ತೇನು?"

"ಚಪ್ಪಲಿ ಹಾಕಿದ್ನಾ?"

"ಯಾರು?"

"ಅಣ್ಣ. ಆ ಮಾತು ಹೇಳುವಾಗ."

"ನಾನು ಎತ್ತು ಕುದುರೆಗಳ ಕಾಲು ನೋಡೋನು. ನಿಮ್ಮಣ್ಣನ ಕಾಲು ನೋಡೋಕೆ ಅವನೇನು ಲಾಳ ಹೊಡೆಸ್ಕೊಳ್ಳೋಕೆ ಬಂದಿದ್ನಾ?" ಅಂದು ಕಮ್ಮಾರ ನಕ್ಕ. ಆಮೇಲೆ ನಗು ನಿಲ್ಲಿಸಿ, "ನೋಡು, ನಿಮ್ಮ ಮನೆತನದವರು ಗೋಡೆ ಚೆನ್ನಾಗೇ ಕಟ್ತೀರಿ. ಮಾತಾಡುವಾಗ ಮಾತ್ರ ಅದೇ ಗೋಡೆ ಮೇಲೆ ದೀಪ ಇಟ್ಬಿಡ್ತೀರಿ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ" ಅಂದ.

ಮಂಗಳವಾರ ಮೇಡಂ ಮನೆಗೆ ಹೋದ. ಊಟದ ಮೇಜಿನ ತುಂಬ ನಕ್ಷೆಗಳು ಹರಡಿದ್ದವು. ಮೂಲೆ ಹಾರದಂತೆ ನಾಲ್ಕು ಕಡೆಗೂ ಲೋಟಗಳನ್ನು ಇಟ್ಟಿದ್ದರು. ಮೊದಲ ದಿನ ರೈಲು, ಎರಡನೆಯ ದಿನ ಬಸ್ಸು, ಮೂರನೆಯ ದಿನ ಬೆಟ್ಟದ ಬುಡದ ಊರಿನಲ್ಲಿ ಸುಮ್ಮನೆ ಕೂರುವುದು.

"ಸುಮ್ಮನೆ ಕೂರೋಕೆ ಒಂದು ದಿನಾನಾ?"

"ಅಲ್ಲಿ ಗಾಳಿ ತೆಳುವಾಗಿರುತ್ತೆ. ಮೈಗೆ ಅಭ್ಯಾಸ ಆಗ್ಬೇಕು."

ತೆಳುವಾದ ಗಾಳಿ ಹೇಗಿರುತ್ತದೆ ಅನ್ನುವುದು ಚಿಕ್ಕಗೋಡೆಗೆ ಅರ್ಥವಾಗಲಿಲ್ಲ. ತೆಳು ಮಜ್ಜಿಗೆಯಂತೆ ಎರಡು ಲೋಟ ಕುಡಿದರೆ ಸರಿಹೋಗಬಹುದು ಅಂದುಕೊಂಡ. ನಾಲ್ಕನೆಯ ದಿನ ಮೆಟ್ಟಿಲು ಹತ್ತುವುದು, ಸಾವಿರದ ನೂರು ಮೆಟ್ಟಿಲು. ಸಾಮಾನು ಕುದುರೆಯ ಮೇಲೆ.

"ಇಬ್ಬಿಬ್ಬರಿಗೆ ಒಂದು ಕುದುರೆ, ಒಂದು ಕೋಣೆ" ಅಂದರು ಮೇಡಂ. "ಒಬ್ಬರದು ಈ ಕಡೆ ಚೀಲ, ಇನ್ನೊಬ್ಬರದು ಆ ಕಡೆ ಚೀಲ. ಎರಡೂ ಸಮ ಇರ್ಬೇಕು. ಒಂದೇ ಕಡೆ ಆದ್ರೆ ಜೀನು ಜಾರುತ್ತೆ. ನಿಮ್ಮ ಜೊತೆ ಯಾರು? ಹೆಂಡತೀನಾ?"

"ಅವಳು ಬರಲ್ಲ. ಬಸ್ಸು ಹತ್ತಿದ್ರೆ ವಾಂತಿ. ಅಣ್ಣ."

ಮೇಡಂ ಕನ್ನಡಕದ ಮೇಲಿಂದ ನೋಡಿದರು. ಕುಸಿದ ಗೋಡೆ ಅವರದೇ ಶಾಲೆಯದು. "ನಿಮ್ಮಣ್ಣ ಬರ್ತೀನಿ ಅಂದ್ರಾ?"

"ಅಂದ. ಆ ಮಾತು ಅಂದಿದ್ದಂತೂ ನಿಜ."

"ಅಂದಿದ್ದಂತೂ ನಿಜ ಅಂದ್ರೆ?"

"ಅಂದ ಮೇಡಂ. ಆದ್ರೆ ಎದ್ದು ನಿಂತು ಅಂದ."

ಮೇಡಂ ಪೆನ್ಸಿಲ್ಲನ್ನು ಗಲ್ಲಕ್ಕೆ ಒತ್ತಿಕೊಂಡರು. ಪಟ್ಟಿಯಲ್ಲಿ ಅಣ್ಣನ ಹೆಸರು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. "ಶುಕ್ರವಾರ ಸಂಜೆ ಒಳಗೆ ಇದನ್ನ ಅಳಿಸೋ ಹಾಗೆ ಮಾಡಿ. ಇಲ್ಲದಿದ್ರೆ ನಿಮ್ಮನ್ನ ಹಳೇ ಪೋಸ್ಟ್‌ಮ್ಯಾನ್ ಜೊತೆ ಹಾಕ್ತೀನಿ. ಅವರ ಗೊರಕೆಗೆ ಅಲ್ಲಿ ಉಳಿದಿರೋ ಗೋಡೆಗಳೂ ಬೀಳ್ತವೆ, ನಾನು ಮೊದಲೇ ಹೇಳಿದೀನಿ."

ಅಳಿಸೋ ಹಾಗೆ ಅಂದರೆ ಹೆಸರನ್ನೋ ಚಿಹ್ನೆಯನ್ನೋ? ಗೇಟು ದಾಟಿದ ಮೇಲೆ ಅವನಿಗೆ ಅನುಮಾನ ಬಂತು. ವಾಪಸ್ಸು ಹೋಗಿ ಕೇಳಲು ನಾಚಿಕೆಯಾಯಿತು.

ಬುಧವಾರ ಆರೋಗ್ಯ ಕೇಂದ್ರ. ಎತ್ತರಕ್ಕೆ ಹೋಗುವವರೆಲ್ಲ ಎದೆ ತೋರಿಸಿ ಚೀಟಿ ತರಬೇಕು ಅಂತ ಮೇಡಂ ಹೇಳಿದ್ದರು. ನರ್ಸಮ್ಮ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕುತ್ತ, "ಎಷ್ಟು ವರ್ಷದ ಮೇಲೆ ಮುಖ ತೋರಿಸ್ತಾ ಇದೀರಿ. ನಿನ್ನೆ ದೊಡ್ಡಗೋಡೆ, ಇವತ್ತು ಚಿಕ್ಕಗೋಡೆ" ಅಂದಳು.

"ಅಣ್ಣ ಬಂದಿದ್ನಾ?" ಅವನು ಎದ್ದು ಕೂತ ರಭಸಕ್ಕೆ ಪಟ್ಟಿ ಕಳಚಿತು. "ಚೀಟಿಗಾ?"

"ಚೀಟಿ ಅಂತ ಕೇಳ್ಲಿಲ್ಲಪ್ಪ. ಮಂಡಿ ನೋವು ಅಂದ್ರು. ಮುಲಾಮು ಕೊಟ್ಟೆ. ಆಮೇಲೆ, ಹತ್ತೋದು ಇಳಿಯೋದು ಮಾಡಬಹುದಾ ಅಂತ ಕೇಳಿದ್ರು."

"ಏನನ್ನ ಹತ್ತೋದು?"

"ನಾನೇನು ಕೇಳ್ಲಿ? ಅಟ್ಟಾನೋ ಏಣೀನೋ. ಹತ್ತಿ, ಇಳಿಯುವಾಗ ಮಾತ್ರ ಹುಷಾರು ಅಂದೆ. ಈಗ ಸುಮ್ನೆ ಮಲಗಿ. ಗೋಡೆ ಅಂತ ಹೆಸರಿಟ್ಕೊಂಡು ಹೀಗೆ ಅಲ್ಲಾಡಿದ್ರೆ ಅಳತೆ ಬರಲ್ಲ."

ಅಳತೆ ಹೆಚ್ಚೇ ಬಂತು. ಕಾಲು ಗಂಟೆ ಸುಮ್ಮನೆ ಕೂರಿಸಿ ಮತ್ತೆ ನೋಡಿದ ಮೇಲೆ ಸರಿಹೋಯಿತು.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ಹಿಟ್ಟಿನ ಗಿರಣಿಗೆ ಹೋಗಿದ್ದಳಂತೆ. ಗಿರಣಿಯ ಎದುರೇ ಭಾವನ ಮನೆ. "ಅಕ್ಕ ಭಾವನ ಉಣ್ಣೆ ಕೋಟನ್ನ ತಂತಿ ಮೇಲೆ ಹಾಕಿದ್ರು ಕಣ್ರೀ. ಈ ಬಿಸಿಲಲ್ಲಿ!"

"ಕೇಳಿದ್ಯಾ?"

"ಕೇಳದೆ ಬಿಡ್ತೀನಾ? ಏನಕ್ಕಾ ಕೋಟು ಹೊರಗೆ ಬಂದಿದೆ ಅಂದೆ. ಹುಳ ಹಿಡಿದಿತ್ತು ಕಣೇ, ಬಿಸಿಲಿಗೆ ಹಾಕಿದೆ ಅಂದ್ರು."

"ಹುಳ ಹಿಡಿದಿತ್ತಾ ನಿಜವಾಗ್ಲೂ?"

"ಹತ್ರ ಹೋಗಿ ನೋಡ್ದೆ. ತೋಳಿನ ಹತ್ರ ಎರಡು ತೂತು ಇತ್ತು."

"ಹಾಗಾದ್ರೆ ಹುಳಕ್ಕೇ ಹಾಕಿದ್ದು."

"ಹುಳ ಇದೆ ಅಂತ ಗೊತ್ತಾಗ್ಬೇಕಾದ್ರೆ ಮೊದ್ಲು ಪೆಟ್ಟಿಗೆಯಿಂದ ತೆಗೆದಿರ್ಬೇಕಲ್ಲ? ಯಾಕೆ ತೆಗೆದ್ರು?"

ಇಬ್ಬರೂ ಜಗಲಿಯ ಮೇಲೆ ಕೂತು ಆ ಎರಡು ತೂತುಗಳ ಬಗ್ಗೆ ಬಹಳ ಹೊತ್ತು ಯೋಚಿಸಿದರು. ಗುರುವಾರ ಅವನು ಕಟ್ಟುತ್ತಿದ್ದ ತೊಟ್ಟಿಯ ಗೋಡೆಗೆ ಸಿಮೆಂಟು ಹೆಚ್ಚು, ಮರಳು ಕಡಿಮೆ ಕಲಸಿದ. ತೊಟ್ಟಿಯ ಯಜಮಾನಿ ಬಂದು, "ಏನಪ್ಪ, ಮನಸ್ಸು ಎಲ್ಲಿದೆ?" ಅಂದಾಗ, "ಬೆಟ್ಟದ ಮೇಲೆ" ಅಂತ ಬಾಯಿಗೆ ಬಂದದ್ದನ್ನು ಅಲ್ಲೇ ನುಂಗಿಕೊಂಡ.

ಶುಕ್ರವಾರ ಬೆಳಿಗ್ಗೆ ಹೆಂಡತಿ ಬುತ್ತಿ ಕಟ್ಟಿಕೊಡುವಾಗ ಎಂದಿಗಿಂತ ದೊಡ್ಡದನ್ನೇ ಕಟ್ಟಿದಳು. ಅವನು ಏನೂ ಕೇಳದೆ ಎತ್ತಿಕೊಂಡು, "ಬರ್ತೀನಿ" ಅಂದ. ಅಂದವನು ಹೊಸಿಲಲ್ಲೇ ನಿಂತ. ಆ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ಅವನಿಗೇ ಗೊಂದಲವಾಯಿತು.

"ನಿಮ್ಮದು ಹೊರಡೋ ಬರ್ತೀನಿ" ಅಂದಳು ಅವಳು. "ಹೊರಡಿ."

ಕಾಲುಗಳು ಪಡುವಣದ ತೊಟ್ಟಿಯ ಕಡೆ ಹೋಗದೆ ಮೂಡಣದ ಇಳಿಜಾರು ಹಿಡಿದವು.

ಅಣ್ಣ ಕುರಿಹಟ್ಟಿಯೊಂದರ ಗೋಡೆಯಲ್ಲಿ ಕಲ್ಲು ಕುಸಿದು ಬಿದ್ದ ಬಾಯಿಯನ್ನು ಮುಚ್ಚುತ್ತಿದ್ದ. ಚಿಕ್ಕಗೋಡೆ ದೂರದಲ್ಲೇ ನಿಂತು ನೋಡಿದ. ಅಣ್ಣ ಈ ಮೈಗೆ ಒಂದು ಸಾಲು ಕಲ್ಲು ಇಟ್ಟ. ಸುತ್ತಿಗೆ ಕೆಳಗಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದ. ಹೊಸದಾಗಿ ಇಟ್ಟ ಕಲ್ಲಿನ ಮೇಲೆ ಕಾಲಿಡಬಾರದೆಂದು, ಬೀಳದೆ ಉಳಿದ ಗೋಡೆಯನ್ನು ಪೂರ್ತಿ ಸುತ್ತಿ ಬಳಸಿ, ಹಟ್ಟಿಯ ಬಾಗಿಲಿನಿಂದ ಒಳಗೆ ಹೋಗಿ, ಆ ಮೈಗೆ ಒಂದು ಸಾಲು ಇಟ್ಟ. ಮತ್ತೆ ಎದ್ದ, ಮತ್ತೆ ಬಳಸಿ ಬಂದ. ಒಂದೊಂದು ಸಾಲಿಗೂ ಒಂದೊಂದು ಸುತ್ತು. ಹನ್ನೊಂದು ವರ್ಷದಿಂದ ಅಣ್ಣ ಹೀಗೇ ಸುತ್ತುತ್ತಿದ್ದಾನೆ ಅನ್ನುವುದು ಅವನಿಗೆ ಈಗ ತಿಳಿಯಿತು. ಆ ಮಂಡಿಗೆ ಮುಲಾಮು ಯಾಕೆ ಬೇಕಾಯಿತು ಅನ್ನುವುದೂ ತಿಳಿಯಿತು.

ಅವನು ಬುತ್ತಿಯನ್ನು ಒಂದು ಪೊದೆಗೆ ಸಿಕ್ಕಿಸಿ, ಹಟ್ಟಿಯ ಒಳಗೆ ಹೋಗಿ ಆ ಮೈಯಲ್ಲಿ ಕೂತ. ಒಂದು ಕಲ್ಲು ಎತ್ತಿ, ತಿರುಗಿಸಿ ನೋಡಿ ಇಟ್ಟ. ಈ ಕಡೆ ಅಣ್ಣನ ಸುತ್ತಿಗೆ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾಯಿತು. ಕುರಿಗಳು ಹೊರಗೆ ಮೇಯಲು ಹೋಗಿದ್ದವು. ಒಂದು ಬಡಕಲು ನಾಯಿ ನೆರಳಿನಲ್ಲಿ ಮಲಗಿ ಇಬ್ಬರನ್ನೂ ಸರದಿಯಂತೆ ನೋಡುತ್ತಿತ್ತು. ಮೊಣಕಾಲೆತ್ತರಕ್ಕೆ ಬಂದಾಗ ಅಡ್ಡಕ್ಕೆ ಮಲಗಿಸುವ ಉದ್ದನೆಯ ಕಲ್ಲಿನ ಸರದಿ ಬಂತು. ಚಿಕ್ಕಗೋಡೆ ಎದ್ದು ಹೋಗಿ ಒಂದು ತುದಿ ಹಿಡಿದ. ಅಣ್ಣ ಇನ್ನೊಂದು ತುದಿ ಹಿಡಿದು, "ಹ್ಞಾ" ಅಂದ. ಎತ್ತಿದರು. ಕಲ್ಲು ಕೂತಿತು.

ಮಧ್ಯಾಹ್ನ ಅಣ್ಣ ಕೈ ಕೊಡವಿ, ಚಪ್ಪಲಿ ಬಿಟ್ಟು, ಕಾಲು ಚಾಚಿ ಗೋಡೆಯ ನೆರಳಿಗೆ ಕೂತ. ಚಿಕ್ಕಗೋಡೆ ಬುತ್ತಿ ಬಿಚ್ಚಿ ನಡುವೆ ಇಟ್ಟ.

"ಅಣ್ಣ."

"ಹ್ಞೂಂ."

"ಒಂದು ಮಾತು ಕೇಳ್ಬೇಕು."

ಬಾಯಿಗೆ ಹೋಗುತ್ತಿದ್ದ ಅಣ್ಣನ ಕೈ ಅರ್ಧಕ್ಕೇ ನಿಂತಿತು. ಚಿಕ್ಕಗೋಡೆಗೆ ಅಡಿಗಲ್ಲಿನ ಆ ಬೆಳಗು ಕಣ್ಣ ಮುಂದೆ ಬಂತು. ಅಣ್ಣನಿಗೂ ಬಂದಿರಬೇಕು. "ಕೇಳು" ಅಂದ ಅಣ್ಣ.

"ಆವತ್ತು ಕುಲುಮೇಲಿ ಬರ್ತೀನಿ ಅಂದ್ಯಲ್ಲ. ಅದು ಯಾವ ಬರ್ತೀನಿ?"

ಅಣ್ಣ ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿದ. "ಅದನ್ನ ಕೇಳೋಕೆ ಐದು ದಿನ ಬೇಕಾಯ್ತಾ?"

"ಕೇಳಿದ್ರೆ ಸಿಟ್ಟಾಗ್ತೀಯ ಅಂತ."

"ಮೊದ್ಲು ನೀನು ಹೇಳು. ಎರಡು ಜಾಗ ಖಾಲಿ ಇದೆ ಅಂದ್ಯಲ್ಲ, ಅದು ನನ್ನನ್ನ ಕರೆದಿದ್ದಾ, ಊರ ಸುದ್ದಿ ಹೇಳಿದ್ದಾ?"

"ಕರೆದಿದ್ದು!"

"ನನಗೇನು ಗೊತ್ತು? ಎರಡು ಜಾಗ ಅಂದ್ರೆ ಗಂಡಹೆಂಡ್ತಿಗೆ ಸರಿಯಾಯ್ತು ಅಂದ್ಕೊಂಡೆ. ಮನೇಲಿ ನಿಮ್ಮತ್ತಿಗೆಗೆ ಹೇಳಿದ್ರೆ, ನಿಮ್ಮ ಮುಖ ನೋಡ್ಕೊಂಡು ಹೇಳಿದ್ನಾ, ಎಲ್ಲೋ ನೋಡ್ಕೊಂಡು ಹೇಳಿದ್ನಾ ಅಂತ ನನ್ನನ್ನೇ ಜಾಲಾಡಿಸಿದ್ಲು."

"ಉಳಿ ನೋಡ್ಕೊಂಡು ಹೇಳ್ದೆ."

"ಹಾಗಾದ್ರೆ ನಾನೂ ಉಳಿಗೇ ಬರ್ತೀನಿ ಅಂದಿದ್ದು."

ಚಿಕ್ಕಗೋಡೆಗೆ ನಗು ಬಂತು. ತಡೆದುಕೊಂಡ, ಆಗಲಿಲ್ಲ. ಹೆಂಡತಿಯ ಚಪ್ಪಲಿ ಪ್ರಶ್ನೆಯನ್ನೂ, ಕಮ್ಮಾರನ ಲಾಳದ ಮಾತನ್ನೂ ಹೇಳಿದ. ಅಣ್ಣ ನಗಲಿಲ್ಲ, ಆದರೆ ಅವನ ಹೊಟ್ಟೆ ಕುಲುಕಿತು.

"ನಿಜ ಹೇಳ್ತೀನಿ ಕೇಳು" ಅಂದ ಅಣ್ಣ. "ಬಾಯಿಂದ ಬಿದ್ದಾಗ ಅದು ಹೊರಡೋ ಬರ್ತೀನಿನೇ. ಬಾಯಿಗೆ ರೂಢಿಯಾದ ಮಾತು. ತಿರುವಿನ ತನಕ ಹೋದ ಮೇಲೆ ಹೊಳೀತು, ಇವನು ಬೇರೆ ಥರ ತಿಳ್ಕೊಂಡ್ಬಿಟ್ರೆ ಏನಪ್ಪ ಅಂತ. ತಿಳ್ಕೊಂಡ್ರೆ ತಿಳ್ಕೊಳ್ಳಲಿ ಅನ್ನಿಸ್ತು. ಮನೆ ಹತ್ರ ಬರೋಷ್ಟರಲ್ಲಿ, ತಿಳ್ಕೊಳ್ಳದೇ ಹೋದ್ರೆ ಏನ್ಮಾಡೋದು ಅನ್ನಿಸ್ತು. ಯಾವುದಕ್ಕೂ ಇರ್ಲಿ ಅಂತ ಕೋಟು ತೆಗೆಸ್ದೆ. ಅದ್ರಲ್ಲಿ ಹುಳ."

"ಯಾರಾದ್ರೂ ಕೈಲಿ ಹೇಳಿ ಕಳಿಸಬಹುದಿತ್ತಲ್ಲ?"

"ಏನಂತ ಹೇಳಿ ಕಳಿಸ್ಲಿ? ನಾನು ಬರ್ತೀನಿ ಅಂದಿದ್ನಾ ಅಂತಾನಾ?"

ಅಣ್ಣ ಪಕ್ಕದಲ್ಲಿದ್ದ ಅಪ್ಪನ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆರೆದ. ಕ್ಯಾಲೆಂಡರಿನ ಹಾಳೆ ಅಲ್ಲೇ ಇತ್ತು. ಎಣ್ಣೆ, ತುಕ್ಕು, ಬೆರಳಿನ ಗುರುತು ಎಲ್ಲ ಸೇರಿ ಬೆಟ್ಟಗಳು ಕಂದು ಬಣ್ಣಕ್ಕೆ ತಿರುಗಿದ್ದವು. ನಡುವಿನ ಕಲ್ಲಿನ ಮೇಲೆ ಸರಿಯಾಗಿ ಒಂದು ತೂತು ಬಿದ್ದಿತ್ತು. ಚಿಕ್ಕಗೋಡೆ ಜೇಬಿನಿಂದ ಮೇಡಂ ಕೊಟ್ಟಿದ್ದ ಪ್ರವಾಸದ ಚಿತ್ರದ ಕಾಗದ ತೆಗೆದು ಪಕ್ಕಕ್ಕೆ ಹಿಡಿದ. ಇಬ್ಬರೂ ತಲೆಗೆ ತಲೆ ತಾಗುವಂತೆ ಬಗ್ಗಿದರು.

"ಅದೇ ಕಣೋ."

"ಇದ್ರಲ್ಲಿ ಮೋಡ ಈ ಕಡೆ ಇದೆ."

"ಮೋಡ ಅಲ್ಲೇ ಕೂತಿರುತ್ತಾ, ದಡ್ಡ? ಕಲ್ಲು ನೋಡು."

"ಕಲ್ಲು ಇರೋ ಕಡೆ ತೂತು ಇದೆಯಲ್ಲ ಅಣ್ಣ."

ಅಣ್ಣ ತೂತಿನ ಅಂಚನ್ನು ಬೆರಳಿನಿಂದ ಸವರಿದ. "ಒಂದು, ಎರಡು... ಇಲ್ಲಿ ಮೂಲೆ ಇತ್ತಾ? ಇತ್ತು ಅನ್ಸುತ್ತೆ." ಮತ್ತೆ ಮೊದಲಿನಿಂದ ಎಣಿಸಿದ. ಒಮ್ಮೆ ಎಂಟು ಬಂತು, ಇನ್ನೊಮ್ಮೆ ಹತ್ತು. ಕೊನೆಗೆ ಮುಚ್ಚಳ ಹಾಕಿ, "ಹೋಗಿ ನೋಡಿದ್ರೆ ತಾನೇ ಗೊತ್ತಾಗೋದು" ಅಂದ.

ಈ ಮಾತೂ ಹಾಗೆಯೇ ಇತ್ತು. ನೀನು ಹೋಗಿ ನೋಡು ಅಂತಲೋ, ಹೋಗಿ ನೋಡೋಣ ಅಂತಲೋ? ಇನ್ನೊಂದು ವಾರ ಇದನ್ನು ಹೊತ್ತು ತಿರುಗುವ ತ್ರಾಣ ಚಿಕ್ಕಗೋಡೆಯಲ್ಲಿ ಉಳಿದಿರಲಿಲ್ಲ. ತಲೆ ಎತ್ತಿ ಅಣ್ಣನ ಮುಖವನ್ನೇ ನೋಡಿದ. ಹುಬ್ಬುಗಳು ಬೆಳ್ಳಗಾಗಿದ್ದವು. ಯಾವಾಗ ಬೆಳ್ಳಗಾದವೋ!

"ಅಣ್ಣ, ಆ ಬೆಟ್ಟಕ್ಕೆ ನನ್ನ ಜೊತೆ ಬರ್ತೀಯಾ?"

ಅಣ್ಣ ಮಂಡಿ ನೀವಿಕೊಂಡ. "ಮೆಟ್ಟಿಲು ಎಷ್ಟಂತೆ?"

"ಸಾವಿರದ ನೂರು."

"ಹತ್ತೋಕೆ ಮಾತ್ರಾನಾ, ಇಳಿಯೋದೂ ಸೇರಿನಾ?"

"ಅದು ಗೊತ್ತಿಲ್ಲ."

"ನರ್ಸಮ್ಮ ಇಳಿಯುವಾಗ ಹುಷಾರು ಅಂದಿದಾಳೆ."

"ಇಳಿಯುವಾಗ ನನ್ನ ಹೆಗಲು ಹಿಡ್ಕೊ."

ಅಣ್ಣ ತನ್ನ ಚಾಚಿದ ಕಾಲುಗಳನ್ನು ನೋಡಿಕೊಂಡ. ಒಂದು ಮಾರು ದೂರದಲ್ಲಿ ಬಿಟ್ಟಿದ್ದ ಚಪ್ಪಲಿಗಳ ಕಡೆ ಬೆರಳು ತೋರಿಸಿದ. "ನೋಡ್ಕೊ, ಚಪ್ಪಲಿ ಅಲ್ಲಿವೆ. ನಾನು ಇಲ್ಲಿ ಕೂತಿದೀನಿ. ನಿನ್ನ ಹೆಂಡ್ತಿಗೆ ಹೋಗಿ ಹೇಳು." ಆಮೇಲೆ ಅಂದ, "ಬರ್ತೀನಿ."

ಅಡಿಗಲ್ಲಿನ ವಿಷಯವನ್ನು ಇಬ್ಬರೂ ಎತ್ತಲಿಲ್ಲ. ಉಳಿದ ಬಾಯಿಯನ್ನು ಇಳಿಹೊತ್ತಿನ ಒಳಗೆ ಮುಚ್ಚಿದರು. ಅಣ್ಣ ಒಂದು ಸಲವೂ ಗೋಡೆ ಸುತ್ತಿ ಬರಲಿಲ್ಲ.

ಸಂಜೆ ಮೇಡಂ ಮನೆಯ ಮೇಜಿನ ಮುಂದೆ ನಿಂತಾಗ ಚಿಕ್ಕಗೋಡೆಯ ಅಂಗಿಯೆಲ್ಲ ಕಲ್ಲಿನ ಧೂಳು.

"ಬರ್ತಾರಂತಾ?" ಅಂದರು ಮೇಡಂ.

"ಬರ್ತಾನಂತೆ."

"ಖಂಡಿತಾನಾ?"

"ಕೂತ್ಕೊಂಡು ಹೇಳಿದಾನೆ ಮೇಡಂ. ಬರಿಗಾಲಲ್ಲಿ."

ಮೇಡಂಗೆ ಏನು ಅರ್ಥವಾಯಿತೋ, ರಬ್ಬರು ತೆಗೆದುಕೊಂಡು ಹೆಸರಿನ ಮುಂದಿನ ಚಿಹ್ನೆಯನ್ನು ಉಜ್ಜಿದರು. ಚಿಕ್ಕಗೋಡೆ ಹೊರಡಲಿಲ್ಲ. ಬಾಗಿಲ ಹತ್ತಿರ ಹೋಗಿ ಮತ್ತೆ ತಿರುಗಿದ. "ಮೇಡಂ, ಆ ಸಾವಿರದ ನೂರು ಮೆಟ್ಟಿಲು ಹತ್ತೋಕೆ ಮಾತ್ರಾನಾ, ಇಳಿಯೋದೂ ಸೇರಿಸಿ ಲೆಕ್ಕಾನಾ?"

"ಹತ್ತೋಕೆ..." ಅಂದ ಮೇಡಂ ನಿಂತರು. ನಕ್ಷೆಯ ಮೇಲಿನ ಲೋಟ ಸರಿಸಿ ನೋಡಿದರು. ಹಿಂಬದಿ ತಿರುಗಿಸಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಇಲ್ಲಿ ಬರೆದಿಲ್ಲವಲ್ಲ" ಅಂದರು.

ಆಮೇಲೆ ಪೆನ್ಸಿಲ್ಲು ತೆಗೆದುಕೊಂಡು, ಮೆಟ್ಟಿಲುಗಳ ಪಕ್ಕದಲ್ಲಿ ಸಣ್ಣದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.